ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಅಮಾನತ್‌ನ ಪಾಠ

ಅವಿಭಜಿತ ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತವರೆಂದು ನಾವು ಅಭಿಮಾನದಿಂದ ಕರೆಯುತ್ತೇವೆ. ಆ ಚರಿತ್ರೆಯ ಆರಂಭದಲ್ಲಿಯೇ ಉಡುಪಿಯ ಮುಸ್ಲಿಮ್ ವರ್ತಕರೊಬ್ಬರ ಹೆಸರಿದೆ ಎಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ಅವರೇ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು.

1905ರ ಬಂಗಾಳ ವಿಭಜನೆಯ ಬಳಿಕ ಸ್ವದೇಶಿಯ ಕರೆ ದೇಶದೆಲ್ಲೆಡೆ ಮೊಳಗುತ್ತಿದ್ದ ಕಾಲವದು. ಸಾಲ ಬೇಕಾದ ರೈತನಿಗೂ ಸಣ್ಣ ವ್ಯಾಪಾರಿಗೂ ಖಾಸಗಿ ಲೇವಾದೇವಿಗಾರರೇ ಗತಿಯಾಗಿದ್ದರು. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರು ಸಮಾನಮನಸ್ಕರೊಡನೆ ಸೇರಿ 5,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಮೊದಲ ದಿನ ಸಂಗ್ರಹವಾದುದು 38 ರೂಪಾಯಿ 13 ಆಣೆ 2 ಪೈ. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲಿ ಉಳಿತಾಯ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದು ಅದರ ಘೋಷಿತ ಉದ್ದೇಶವಾಗಿತ್ತು. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಆರಂಭಿಸಿದ ನಿಧಿಯು ಮುಂದೆ ಕೆನರಾ ಬ್ಯಾಂಕ್ ಆಯಿತು.

ಸಾಹೇಬರು ಮದರಾಸು ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. ಅಧಿಕಾರಕ್ಕಿಂತ ಅವರ ಔದಾರ್ಯವನ್ನೇ ಜನರು ಹೆಚ್ಚು ನೆನೆಯುತ್ತಾರೆ. ಉಡುಪಿಯ ಸರಕಾರಿ ಹೆರಿಗೆ ಆಸ್ಪತ್ರೆಗೆ ಜಾಗ ನೀಡಿದವರು ಅವರೇ. ಅವರ ಹೆಸರು ಇಂದಿಗೂ ಅಲ್ಲಿದೆ. ಎಣ್ಣೆಯ ಅಭಾವವಾದಾಗ ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಕಳುಹಿಸಿಕೊಟ್ಟರೆಂದು ಊರಿನ ಹಿರಿಯರು ಹೇಳುತ್ತಾರೆ.

ಬಡ್ಡಿಯ ಬಗ್ಗೆ ಇಸ್ಲಾಮಿನ ನಿಲುವು ಸ್ಪಷ್ಟವಿರುವಾಗ ಬ್ಯಾಂಕ್ ಸ್ಥಾಪಕರೊಬ್ಬರನ್ನು ಸ್ಮರಿಸುವುದೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಬಡ್ಡಿಯ ವಿಧಿಯನ್ನು ನಾವು ಸಡಿಲಗೊಳಿಸಬೇಕಾಗಿಲ್ಲ. ಆದರೆ ಅಮಾನತ್‌ಗಳನ್ನು ಹಕ್ಕುದಾರರಿಗೆ ತಲಪಿಸಬೇಕೆಂಬುದೂ ಕುರ್‌ಆನಿನ ಆದೇಶವೇ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆಯ ಹೆಸರು ಹೇಳಿಕೊಂಡ ಸಂಸ್ಥೆಯೊಂದು ಮುಚ್ಚಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಆಪತ್ತಿಗೆ ಸಿಲುಕಿದವು. ಮಗಳ ಮದುವೆಗೆಂದು, ಮಗನ ಓದಿಗೆಂದು ಕೂಡಿಟ್ಟ ಹಣ ಅದರಲ್ಲಿತ್ತು. ಅಲ್ಲಿ ಧರ್ಮದ ಪರಿಭಾಷೆಗೆ ಕೊರತೆಯಿರಲಿಲ್ಲ, ಅಮಾನತ್‌ನ ಪಾಲನೆಯಿರಲಿಲ್ಲ.

ಸಾಹೇಬರು 1935ರಲ್ಲಿ ನಿಧನರಾದರು. ಅವರ ಸಂಸ್ಥೆ 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿಯಿತಾದರೂ, ಅದು ಬಾಳಿದ 114 ವರ್ಷಗಳಲ್ಲಿ ಎಲ್ಲ ಮತಗಳವರೂ ತಮ್ಮ ಉಳಿತಾಯವನ್ನು ಅಲ್ಲಿ ನಂಬಿ ಇಟ್ಟರು.

ಇಂದು ನಮ್ಮ ಮಸೀದಿಗಳ ಆಶ್ರಯದಲ್ಲಿ ಬಡ್ಡಿರಹಿತ ನಿಧಿಗಳೂ ಝಕಾತ್ ಸಮಿತಿಗಳೂ ಹುಟ್ಟಿಕೊಳ್ಳುತ್ತಿವೆ. ಅವುಗಳ ಲೆಕ್ಕಪತ್ರ ಯಾರು ಕೇಳಿದರೂ ತೋರಿಸುವಂತಿರಲಿ. ನೆರೆಯ ಹಿಂದೂ ಸಹೋದರನೂ ನಿಶ್ಚಿಂತೆಯಿಂದ ಹಣ ಒಪ್ಪಿಸಬಲ್ಲ ಸಂಸ್ಥೆಗಳನ್ನು ನಾವು ಕಟ್ಟಿದರೆ, ಹಾಜಿ ಅಬ್ದುಲ್ಲಾ ಸಾಹೇಬರಿಗೆ ಅದಕ್ಕಿಂತ ಯೋಗ್ಯವಾದ ಸ್ಮರಣೆ ಬೇರೊಂದಿರದು.