ಬೈಸಿಕಲ್ಲಿನ ತೊಗಲು ಸೀಟು: ಅದನ್ನು ಪಳಗಿಸಿದ ಬಗೆ

ಹೋರಿಯನ್ನು ನೊಗಕ್ಕೂ ಕುದುರೆಯನ್ನು ಜೀನಿಗೂ ಹೊಸ ಮೆಟ್ಟನ್ನು ಕಾಲಿಗೂ ಪಳಗಿಸಬೇಕೆಂಬುದು ನಮ್ಮ ನಾಡಿನವರಿಗೆ ಹೇಳಿಕೊಡತಕ್ಕ ಸಂಗತಿಯಲ್ಲ. ಬೈಸಿಕಲ್ಲು ಬಂದ ಮೇಲೆ ಈ ಸಾಲಿಗೆ ಇನ್ನೊಂದು ವಸ್ತುವು ಸೇರಿತು; ಅದು ತೊಗಲಿನ ಸೀಟು. ಇಷ್ಟು ಅಲ್ಪವಾದುದಕ್ಕೂ ಒಂದು ಚರಿತ್ರೆಯುಂಟೆ ಎಂದು ಕೇಳಬಹುದು. ಉಂಟು. ಅದರ ಒಂದು ಕವಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೂ ಇನ್ನೊಂದು ಕವಲು ನಮ್ಮ ಹಳ್ಳಿಗಳ ಹೊರಗಿನ ತಂಗಡಿ ಗಿಡಕ್ಕೂ ಹೋಗಿ ಮುಟ್ಟುತ್ತವೆ.

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ರೈಲುದಾರಿಯು ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಹಾದುಹೋಯಿತು. ಈ ಹೋಬಳಿಯು ಬದಿಗೆ ಉಳಿಯಿತು. ಕನ್ನಂಬಾಡಿಯ ಕಟ್ಟೆಯ ನೀರು ಮಂಡ್ಯದ ಬಯಲನ್ನು ಹಸುರು ಮಾಡಿದಾಗಲೂ ನಾಗಮಂಗಲದ ಸೀಮೆಯ ರಾಗಿ ಹುರುಳಿಗಳು ಮುಗಿಲನ್ನೇ ನೆಚ್ಚಿದ್ದುವು. ಇಂಥ ಸೀಮೆಯಲ್ಲಿ ಬೈಸಿಕಲ್ಲೆಂಬುದು ವಿಲಾಸದ ವಾಹನವಲ್ಲ. ಟಪಾಲು ಹಂಚುವವನಿಗೂ, ಊರಿಂದೂರಿಗೆ ಹೋಗಿ ಪಾಠ ಹೇಳುವ ಉಪಾಧ್ಯಾಯನಿಗೂ, ಸಂತೆಗೆ ಬೆಣ್ಣೆ ಹೊರುವವನಿಗೂ ಅದು ಅನ್ನದ ದಾರಿ. ಗರಸಿನ ರಸ್ತೆಯಲ್ಲಿ ಸೀಟು ಮೈಗೆ ಹೊಂದದಿದ್ದರೆ ತೊಡೆಯ ಸಂದು ಒಡೆದು ಹುಣ್ಣಾಗುವುದು; ಹುಣ್ಣಾದವನು ನಾಲ್ಕು ದಿನ ಮನೆಯಲ್ಲಿ ಕುಳಿತರೆ ನಾಲ್ಕು ದಿನದ ಗಳಿಕೆ ಹೋದಂತೆಯೇ.

ಇಂಗ್ಲೆಂಡಿನಲ್ಲಿ ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಎಂಬಾತನು ೧೮೬೬ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಸಾಜು ಮೊದಲಾದ ತೊಗಲು ಸಾಮಾನುಗಳ ವ್ಯಾಪಾರವನ್ನು ತೊಡಗಿದನು. ೧೮೭೮ರಲ್ಲಿ ಅವನ ಕುದುರೆಯು ಸತ್ತಿತೆಂದೂ, ಬೇರೊಂದನ್ನು ಕೊಳ್ಳಲು ಹಣವಿಲ್ಲದೆ ಬೈಸಿಕಲ್ಲೊಂದನ್ನು ಎರವಲು ತಂದನೆಂದೂ, ಅದರ ಮರದ ಸೀಟಿನ ನೋವನ್ನು ತಾಳಲಾರದೆ ತೊಗಲಿನದನ್ನು ಕಲ್ಪಿಸಿದನೆಂದೂ ಆ ಕಂಪನಿಯವರು ಹೇಳಿಕೊಳ್ಳುತ್ತಾರೆ. ವ್ಯಾಪಾರಿಗಳ ಕಥೆಗೆ ಒಂದಿಷ್ಟು ಒಗ್ಗರಣೆ ಇದ್ದೇ ಇರುತ್ತದೆ. ಆದರೆ ೧೮೮೨ರಲ್ಲಿ ಆತನು ಸೀಟಿಗಾಗಿ ಪೇಟೆಂಟು ಪಡೆದುದು ದಿಟ. ಕುದುರೆಯ ಜೀನಿನೊಳಗೆ ಮರದ ಚೌಕಟ್ಟೂ ಮೆತ್ತೆಯೂ ಇರುತ್ತವೆ. ಬೈಸಿಕಲ್ಲಿನ ತೊಗಲು ಸೀಟಿಗೆ ಅಡಿಯಲ್ಲಿ ಯಾವ ಆಧಾರವೂ ಇಲ್ಲ. ಸುಮಾರು ಐದು ಮಿಲಿಮೀಟರು ದಪ್ಪದ ಒಂದೇ ತೊಗಲನ್ನು ಮುಂದೆ ಮೂತಿಗೂ ಹಿಂದೆ ಕಬ್ಬಿಣದ ಕಮಾನಿಗೂ ರಿವೆಟ್ಟು ಹೊಡೆದು ಬಿಗಿದಿರುತ್ತಾರೆ. ಅದು ಜೋಲಿ, ಜೀನಲ್ಲ. ಈ ಭೇದವನ್ನು ಮರೆತವರೇ ಸೀಟನ್ನು ಕೆಡಿಸಿಕೊಂಡವರು.

ತೊಗಲು ಪಳಗುವುದೆಂದರೇನು? ಮರದ ಚಕ್ಕೆಯ ಒಗರಿನಿಂದ ಹದಗೊಂಡ ತೊಗಲಿನ ಎಳೆಗಳು ಬೆವರಿನ ತೇವಕ್ಕೂ ಮೈಯ ಕಾವಿಗೂ ಒಂದಿಷ್ಟು ಸಡಿಲಿ, ಭಾರ ಬಿದ್ದ ಕಡೆ ತಗ್ಗಿ, ಆರಿದ ಮೇಲೆ ಆ ಆಕಾರವನ್ನೇ ಹಿಡಿದುಕೊಳ್ಳುತ್ತವೆ. ಕುಳಿತಾಗ ನಮ್ಮ ಭಾರವೆಲ್ಲ ಬೀಳತಕ್ಕದ್ದು ಎರಡು ಎಲುಬುಗಳ ಮೇಲೆ. ಕೆಲವು ನೂರು ಮೈಲಿ ತುಳಿದ ಬಳಿಕ ಆ ಎರಡು ಎಡೆಗಳಲ್ಲಿ ಎರಡು ಗುಳಿಗಳು ಬೀಳುತ್ತವೆ. ಅವು ಒಬ್ಬನ ಎಲುಬಿನ ಅಚ್ಚು. ಅಣ್ಣನು ಪಳಗಿಸಿದ ಸೀಟು ತಮ್ಮನಿಗೆ ಒಪ್ಪುವುದೆಂಬ ಭರವಸೆಯಿಲ್ಲ.

ಈ ಹದದ ವಿದ್ಯೆಯನ್ನು ನಮ್ಮವರು ಬ್ರೂಕ್ಸನಿಂದ ಕಲಿಯಬೇಕಾಗಿರಲಿಲ್ಲ. ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿ ಚಕ್ಕೆಯ ನೀರಿನಲ್ಲಿ ಹದಮಾಡುವುದು ಈ ಸೀಮೆಯ ಮಾದಿಗರ ಕಸುಬು. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಚರ್ಮದ ಕೆಲಸವನ್ನೂ ಗಮನಿಸಿ ಬರೆದಿದ್ದಾನೆ. ಬಿಳಿಗಿರಿರಂಗನ ಬೆಟ್ಟದ ಸ್ವಾಮಿಗೆ ಬೂದಿಪಡಗದ ಮಾದಿಗರು ಎರಡು ವರ್ಷಕ್ಕೊಮ್ಮೆ ಭಾರಿ ಗಾತ್ರದ ತೊಗಲು ಪಾದರಕ್ಷೆಗಳನ್ನು ಒಪ್ಪಿಸುವ ಸಂಪ್ರದಾಯವೂ ಪ್ರಸಿದ್ಧವಾದುದೇ. ಸ್ವಾಮಿಯು ಅವನ್ನು ಮೆಟ್ಟಿ ಕಾಡಿನಲ್ಲಿ ಸಂಚರಿಸುವನೆಂದೂ ಹಳೆಯವು ಸವೆಯುವುವೆಂದೂ ಜನರ ನಂಬಿಕೆ. ದೇವರು ಮೆಟ್ಟುವ ತೊಗಲನ್ನು ಹದಮಾಡಿದ ಕೈಯನ್ನು ಊರು ಮಾತ್ರ ಮುಟ್ಟಲಿಲ್ಲ. ಅದೇ ಊರಿನವರು ತೊಗಲು ಸೀಟಿನ ಮೇಲೆ ಕೂರಲು ಹಿಂಜರಿದವರಲ್ಲ. ಇದನ್ನು ಹೇಳದೆ ಮುಂದಕ್ಕೆ ಹೋಗುವುದು ಚರಿತ್ರೆಗೆ ಸಲ್ಲದು.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಮದರಾಸಿನಲ್ಲಿ ಕ್ರೋಮ್ ಲವಣದಿಂದ ತೊಗಲನ್ನು ಹದಮಾಡುವ ಕ್ರಮವನ್ನು ಬಳಕೆಗೆ ತಂದರು. ಮುಂದೆ ಇವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಮುಖ್ಯಾಧಿಕಾರಿಗಳಾಗಿ ಬಂದರು. ಕ್ರೋಮ್ ತೊಗಲು ನೀರನ್ನು ಚೆನ್ನಾಗಿ ತಡೆಯುವುದರಿಂದ ಕಪಿಲೆಯ ಬಾನಿಗೆ ಉತ್ತಮ. ಆದರೆ ಅದು ಹಿಡಿದ ಆಕಾರದಲ್ಲಿ ನಿಲ್ಲದೆ ಹಿಂದಕ್ಕೆ ಪುಟಿಯುತ್ತದೆ. ಆದಕಾರಣ ಒಳ್ಳೆಯ ತೊಗಲು ಸೀಟಿಗೆ ಇಂದಿಗೂ ಗಿಡಮರಗಳ ಒಗರೇ ಬೇಕು.

ಇನ್ನು ಪಳಗಿಸುವ ಕ್ರಮ. ಹೊಸ ಮೆಟ್ಟು ಕಚ್ಚಿದರೆ ಹರಳೆಣ್ಣೆ ಸವರಿ ಇಡುವುದು ನಮ್ಮ ಮನೆಗಳ ವಾಡಿಕೆ. ಅದೇ ಉಪಾಯವನ್ನು ಸೀಟಿಗೂ ಹೂಡಿ ಎಣ್ಣೆಯಲ್ಲಿ ತೋಯಿಸಿದವರು ಎರಡೇ ವಾರದಲ್ಲಿ ಮೆತ್ತಗಾಯಿತೆಂದು ಹಿಗ್ಗಿ, ಎರಡನೆಯ ತಿಂಗಳಲ್ಲಿ ಜೋತುಬಿದ್ದ ಸೀಟಿನ ಮೂತಿ ತಿವಿಯಲು ತೊಡಗಿದಾಗ ಅಂಗಡಿಯವನನ್ನು ಬೈದರು. ಮೆಟ್ಟಿನ ಅಡಿಗೆ ಭೂಮಿಯಿದೆ. ಸೀಟಿನ ಅಡಿಗೆ ಬಯಲು. ಆದುದರಿಂದ ಜಿಡ್ಡನ್ನು ತೆಳ್ಳಗೆ, ವರ್ಷಕ್ಕೆ ಒಂದೆರಡು ಸಲ ಮಾತ್ರ ಉಜ್ಜಿ ಒರೆಸಬೇಕು. ನೆನೆದ ಸೀಟನ್ನು ನೆರಳಿನಲ್ಲಿ ಆರಗೊಡಬೇಕು. ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿಮಾಡುವಂತೆ ಇದನ್ನು ಒಲೆಯ ಬಳಿ ಇಟ್ಟರೆ ತೊಗಲು ಸೆಟೆದು ಬಿರಿಯುವುದು. ಮಳೆಯಲ್ಲಿ ತೊಯ್ದಾಗ ಅದರ ಮೇಲೆ ದೂರ ಸವಾರಿ ಮಾಡುವುದೂ ತರವಲ್ಲ. ಮೊದಲ ದಿನಗಳಲ್ಲಿ ಮೂರು ನಾಲ್ಕು ಮೈಲಿಯ ಓಡಾಟ ಸಾಕು. ಮೂತಿಯು ಮಟ್ಟವಾಗಿಯೋ ಕೂದಲೆಳೆಯಷ್ಟು ಮೇಲಾಗಿಯೋ ಇರಲಿ. ಕೆಳಗಾದರೆ ಸವಾರನು ಮುಂದಕ್ಕೆ ಜಾರಿ ಕೈಗಳೆಲ್ಲ ನೋಯುವುವು.

ಮೂತಿಯ ಒಳಗೊಂದು ನಟ್ಟು ಇರುತ್ತದೆ. ತೊಗಲು ಜಗ್ಗಿದೆಯೆಂದು ನಿಶ್ಚಯವಾದರೆ ಮಾತ್ರ ಅದನ್ನು ಕಾಲು ಸುತ್ತು ತಿರುಗಿಸಬಹುದು. ಸ್ಪ್ಯಾನರು ಕೈಯಲ್ಲಿದೆಯೆಂದು ದಿನವೂ ತಿರುಗಿಸಿದರೆ ರಿವೆಟ್ಟಿನ ಬಳಿ ತೊಗಲು ಹರಿಯುತ್ತದೆ. ಆ ನಟ್ಟಿನ ಓಟವೂ ಮುಗಿದ ಸೀಟನ್ನು ಎಸೆಯಬೇಕಾಗಿಲ್ಲ: ಚಮ್ಮಾರನು ಎರಡು ಮಗ್ಗುಲ ಅಂಚಿನಲ್ಲಿಯೂ ನಾಲ್ಕಾರು ತೂತು ಕೊರೆದು, ಅಡಿಯಲ್ಲಿ ಬಾರಿನ ದಾರವನ್ನು ಅಡ್ಡಡ್ಡ ಹೆಣೆದು ಸೆಳೆದು ಕಟ್ಟಿದನೆಂದರೆ, ಜೋತ ತೊಗಲು ಮತ್ತೆ ಮೇಲೆದ್ದು ಇನ್ನು ಕೆಲವು ವರ್ಷ ನಡೆಯುವುದು.