ಸ್ಫೋಟಕ್ಕೆ ನೀರಿನ ತಡೆ

ಬಯಲಲ್ಲಿ ಸಿಡಿದ ಮದ್ದಿನ ಒತ್ತಡ ಕ್ಷಣದಲ್ಲಿ ಚದುರಿಹೋಗುತ್ತದೆ. ಸುರಂಗದಲ್ಲೋ ಮುಚ್ಚಿದ ಕೋಣೆಯಲ್ಲೋ ಸಿಡಿದರೆ ಅಲೆ ಗೋಡೆಗೆ ಬಡಿದು ಮರಳುತ್ತದೆ. ಬಿಸಿ ಅನಿಲ ಹೊರಹೋಗಲಾರದೆ ಒತ್ತಡ ಉಳಿದೇಬಿಡುತ್ತದೆ.

ಆ ಬಿಸಿಯನ್ನು ಹೀರಲು ನೀರಿಗಿಂತ ಅಗ್ಗದ ವಸ್ತು ಸಿಗದು. 1 ಕಿಲೋ ಟಿಎನ್‌ಟಿ ಸಿಡಿದಾಗ ಹೊಮ್ಮುವ ಶಕ್ತಿ ಸುಮಾರು 4,200 ಕಿಲೋಜೂಲ್. ಕುದಿಯುವ 1 ಕಿಲೋ ನೀರು ಆವಿಯಾಗಲು ಹೀರುವುದು ಸುಮಾರು 2,260. ಆದರೆ ನೀರು ನುಣ್ಣನೆಯ ಹನಿಗಳಾಗಿ ಒಡೆಯಬೇಕು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟಾಗ ಕೊಡಗಿನ ಸುಂಟಿಕೊಪ್ಪದ ಸುತ್ತಲಿನ ಕಾಫಿ ತೋಟಗಳಲ್ಲಿ ತಿರುಗುವ ಸ್ಪ್ರಿಂಕ್ಲರ್ ಗಮನಿಸಿ: ದಪ್ಪ ಹನಿ ನೆಲ ಸೇರುತ್ತದೆ, ಸಣ್ಣ ತುಂತುರು ಬಿಸಿಲಲ್ಲೇ ಆರಿಹೋಗುತ್ತದೆ. ಸ್ಫೋಟದ ಎದುರು ಬೇಕಾದದ್ದು ಆ ತುಂತುರು.

ದೂಳೇ ಹೊತ್ತಿ ಸಿಡಿಯಬಹುದಾದ ಕಲ್ಲಿದ್ದಲ ಗಣಿಗಳಲ್ಲಿ ಇದಕ್ಕೆಂದೇ ಚಾವಣಿಯ ಕೆಳಗೆ ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟಿಗಳನ್ನು ಸಾಲಾಗಿ ಇಡುತ್ತಾರೆ. ಸ್ಫೋಟದಲ್ಲಿ ಒತ್ತಡದ ಅಲೆ ಮುಂದೆ, ಬೆಂಕಿ ಹಿಂದೆ. ಅಲೆಯೇ ತೊಟ್ಟಿಗಳನ್ನು ಮಗುಚಿ ನೀರನ್ನು ಚದುರಿಸುತ್ತದೆ; ಬೆಂಕಿ ಬರುವ ಹೊತ್ತಿಗೆ ನೀರಿನ ಪರದೆ ಸಿದ್ಧ. ಸ್ವಿಚ್ಚು ಒತ್ತಲು ಯಾರೂ ಬೇಕಿಲ್ಲ. ಇಂಥ ತಡೆ ಎಷ್ಟು ಮುಖ್ಯ ಎಂಬುದಕ್ಕೆ ಇಂದಿನ ಜಾರ್ಖಂಡಿನ ಧೋರಿ ಗಣಿಯೇ ಸಾಕ್ಷಿ: 1965ರ ಮೇ 28ರ ಸ್ಫೋಟದಲ್ಲಿ ಅಲ್ಲಿ 268 ಕಾರ್ಮಿಕರು ಸತ್ತರು.

ಈ ತಡೆ ಎಲ್ಲ ಗಣಿಗೂ ಬೇಕಿಲ್ಲ: ಕೋಲಾರ, ಹಟ್ಟಿಯ ಚಿನ್ನದ ಗಣಿಗಳು ಗಟ್ಟಿಕಲ್ಲಿನವು. ಅಲ್ಲಿ ಹೊತ್ತಿ ಉರಿಯುವ ಕಲ್ಲಿದ್ದಲ ದೂಳಿಲ್ಲ.