ಕಾಣದ ನೆತ್ತರಿನ ಚರಿತ್ರೆ

ನಾವು ಮಾತಿನಲ್ಲಿ ಮುಚ್ಚಿಡುವ ಸಂಗತಿಗಳಿಗೂ ಒಂದು ಚರಿತ್ರೆಯುಂಟು. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನಲ್ಲಿ 'ಕೆರೆ ಕಡೆ ಹೋಗಿದ್ದಾರೆ', 'ಬಯಲಿಗೆ ಹೋಗಿದ್ದಾರೆ' ಎಂದರೆ ಯಾರೂ ಹೆಚ್ಚಿನ ವಿವರಣೆ ಕೇಳುವುದಿಲ್ಲ. ಇಂಥ ಮರ್ಯಾದೆಯ ಮಾತುಗಳು ಭಾಷೆಗೆ ಶೋಭೆಯೇ ಸರಿ. ಆದರೆ ಅದೇ ಮರ್ಯಾದೆ ರೋಗದ ಸುಳಿವನ್ನೂ ಮುಚ್ಚತೊಡಗಿದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಮಲದಲ್ಲಿ ನೆತ್ತರು ಕಂಡವರು ಮನೆಯವರಿಗೂ ಹೇಳದೆ, 'ಮೂಲವ್ಯಾಧಿ ಇರಬೇಕು, ಮೈಗೆ ಉಷ್ಣವಾಗಿದೆ' ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಬಹಳಷ್ಟು ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಕೆಲವು ಸಲ ಆಗಿರುವುದಿಲ್ಲ. ಆ ಕೆಲವು ಸಲವೇ ಇಂದಿನ ನನ್ನ ವಿಷಯ.

ನಮ್ಮ ಹಿಂದಿನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. 'ಯೋಗರತ್ನಾಕರ'ವು ಹೇಳುವ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿ, ಮೂತ್ರಗಳ ಜೊತೆಗೇ ಮಲಪರೀಕ್ಷೆಗೂ ಸ್ಥಾನವಿದೆ. ಆದರೆ ಅವರಿಗಿದ್ದುದು ಬರಿಗಣ್ಣು. ದೊಡ್ಡ ಕರುಳಿನ ಕ್ಯಾನ್ಸರ್ ತನ್ನ ಎಳವೆಯಲ್ಲಿ ಬರಿಗಣ್ಣಿಗೆ ಸಿಕ್ಕುವಂಥದಲ್ಲ. ಸುಮಾರು 5 ಅಡಿ ಉದ್ದದ ಆ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಮಾಂಸದ ಮೊಳಕೆಯೊಂದು ಹುಟ್ಟಿ, ಹಲವು ವರ್ಷಗಳ ಕಾಲ ನೋವಿಲ್ಲದೆ ಬೆಳೆದು, ಅವುಗಳಲ್ಲಿ ಕೆಲವು ಮಾತ್ರ ಕ್ಯಾನ್ಸರಾಗಿ ಕೆಡುತ್ತವೆ. ಈ ನಿಧಾನವೇ ಮನುಷ್ಯನಿಗೆ ದೊರೆತಿರುವ ಅವಕಾಶ. 2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಂದಿತು. ಸುಮಾರು 9 ಲಕ್ಷ ಮಂದಿ ಅದರಿಂದ ಸತ್ತರು.

ಇದನ್ನು ಕಂಡುಹಿಡಿಯುವ ಅತ್ಯಂತ ಸಮರ್ಥವಾದ ಉಪಾಯ ಕೊಲೊನೋಸ್ಕೋಪಿ. 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಎಂಬ ವೈದ್ಯರು ಬಳುಕುವ ನಳಿಕೆಯೊಂದನ್ನು ಕರುಳಿನೊಳಗೆ ಹಾಯಿಸಿ, ಹೊಟ್ಟೆ ಕೊಯ್ಯದೆಯೇ ಪಾಲಿಪನ್ನು ಕತ್ತರಿಸಿ ತೆಗೆದರು. ನೋಡುವುದು, ಕೀಳುವುದು ಎರಡೂ ಒಂದೇ ಸಲಕ್ಕೆ ಆಗುವ ವಿದ್ಯೆ ಇದು. ಆದರೆ ಇದಕ್ಕೆ ನುರಿತ ವೈದ್ಯರು ಬೇಕು, ಹಿಂದಿನ ದಿನವೇ ಭೇದಿ ಮಾಡಿಸಿ ಕರುಳನ್ನು ಬರಿದು ಮಾಡಿಕೊಳ್ಳಬೇಕು, ಒಂದೆರಡು ದಿನದ ದುಡಿಮೆ ಬಿಡಬೇಕು, ಹಣ ತೆರಬೇಕು. ಮೈಯಲ್ಲಿ ಯಾವ ತೊಂದರೆಯೂ ಇಲ್ಲದ ರೈತನೊಬ್ಬನನ್ನು ತೋವಿನಕೆರೆಯಿಂದ ತುಮಕೂರಿಗೋ ಬೆಂಗಳೂರಿಗೋ ಇದಕ್ಕಾಗಿ ಹೊರಡಿಸುವುದು ಸುಲಭವಲ್ಲ. ಆದ್ದರಿಂದ ಬೇರೆ ದಾರಿಗಳ ವಿಚಾರ ಏಳುತ್ತದೆ. ಆ ದಾರಿಗಳಲ್ಲಿ ಒಂದು ಕೊಲೊನೋಸ್ಕೋಪಿಗಿಂತ ಬಹಳ ಹಳೆಯದು.

ಅದರ ಮೂಲ ಒಂದು ಮರ. ಕೆರಿಬಿಯನ್ ದ್ವೀಪಗಳಲ್ಲಿ ಬೆಳೆಯುವ ಗ್ವಾಯಕಮ್ ಮರವನ್ನು ಹದಿನಾರನೆಯ ಶತಮಾನದ ಆದಿಯಲ್ಲಿ ಸ್ಪೇನಿನವರು ಯೂರೋಪಿಗೆ ತಂದು, ಫರಂಗಿ ರೋಗಕ್ಕೆ ಸಿದ್ಧೌಷಧವೆಂದು ಮಾರಿದರು. ಜರ್ಮನಿಯ ಕವಿ ಉಲ್ರಿಕ್ ಫಾನ್ ಹುಟನ್ ತನ್ನ ರೋಗ ಇದರಿಂದ ವಾಸಿಯಾಯಿತೆಂದು ನಂಬಿ 1519ರಲ್ಲಿ ಒಂದು ಪುಸ್ತಕವನ್ನೇ ಬರೆದ. 1523ರಲ್ಲಿ ಅದೇ ರೋಗದಿಂದ ತೀರಿಕೊಂಡ. ಔಷಧವಾಗಿ ಸೋತ ಆ ಮರ ಸಾಕ್ಷಿಯಾಗಿ ಗೆದ್ದಿತು. ಅದರ ಅಂಟಿಗೆ ನೆತ್ತರಿನ ಸೋಂಕು ತಗುಲಿದಾಗ, ಹೈಡ್ರೋಜನ್ ಪೆರಾಕ್ಸೈಡು ಸೇರಿದರೆ ನೀಲಿ ಬಣ್ಣ ಏಳುತ್ತದೆ. 1860ರ ದಶಕದಲ್ಲಿ ಹಾಲೆಂಡಿನ ಫಾನ್ ಡೀನ್ ಈ ಗುಣವನ್ನು ರಕ್ತಪರೀಕ್ಷೆಗೆ ಬಳಸಿದ. 1901ರಲ್ಲಿ ಬರ್ಲಿನ್ನಿನ ಇಸ್ಮಾರ್ ಬೋಆಸ್, ಕಣ್ಣಿಗೆ ಕಾಣದೆ ಮಲದಲ್ಲಿ ಬೆರೆತ ನೆತ್ತರು ಕ್ಯಾನ್ಸರಿನ ಸುಳಿವಾಗಬಹುದೆಂದು ತೋರಿಸಿ, ಅದನ್ನು 'ಗುಪ್ತರಕ್ತ' ಎಂಬ ಅರ್ಥದ ಹೆಸರಿನಿಂದ ಕರೆದ. ಜಠರ ಮತ್ತು ಕರುಳಿನ ರೋಗಗಳನ್ನೇ ತನ್ನ ವಿಶೇಷ ವಿಷಯವಾಗಿ ಮಾಡಿಕೊಂಡವರಲ್ಲಿ ಮೊದಲಿಗನಾದ ಈ ಯೆಹೂದಿ ವೈದ್ಯ ನಾಜಿಗಳಿಗೆ ಹೆದರಿ ವಿಯೆನ್ನಾ ಸೇರಿದ. 1938ರ ಮಾರ್ಚಿಯಲ್ಲಿ ಅವರು ಅಲ್ಲಿಗೂ ಬಂದಾಗ ಆತ್ಮಹತ್ಯೆ ಮಾಡಿಕೊಂಡ.

ಪರೀಕ್ಷೆಯನ್ನು ಪ್ರಯೋಗಶಾಲೆಯಿಂದ ಮನೆಯ ಬಾಗಿಲಿಗೆ ತಂದವನು ಅಮೆರಿಕದ ಓಹಾಯೋ ಪ್ರಾಂತದ ಡೇವಿಡ್ ಗ್ರೀಗರ್. ಗ್ವಾಯಕ್ ಸವರಿದ ಕಾಗದದ ಮೇಲೆ ರೋಗಿಯೇ ಮನೆಯಲ್ಲಿ ಮಲದ ಮಾದರಿಯನ್ನು ಹಚ್ಚಿ ತರಬಹುದೆಂದು ಅವನು 1967ರಲ್ಲಿ ಪ್ರಕಟಿಸಿದ. ಇಷ್ಟು ಸಾಮಾನ್ಯವಾದ ಕಾಗದದ ಚೂರು ಜೀವ ಉಳಿಸೀತೆ ಎಂಬ ಪ್ರಶ್ನೆಗೆ ಉತ್ತರ ಬರಲು ಕಾಲು ಶತಮಾನ ಹಿಡಿಯಿತು. ಮಿನ್ನೆಸೋಟದಲ್ಲಿ 46,551 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ವರ್ಷಗಟ್ಟಲೆ ಗಮನಿಸಿದಾಗ, ಪ್ರತಿವರ್ಷ ಈ ಪರೀಕ್ಷೆಗೆ ಸೇರಿದವರಲ್ಲಿ ಕರುಳಿನ ಕ್ಯಾನ್ಸರಿನ ಸಾವು ಶೇಕಡಾ 33ರಷ್ಟು ಕಡಿಮೆಯಾಗಿತ್ತೆಂದು 1993ರಲ್ಲಿ ತಿಳಿದುಬಂತು.

ಗ್ವಾಯಕ್ಕಿಗೂ ದೋಷಗಳಿದ್ದವು. ತಿಂದ ಮಾಂಸದ ನೆತ್ತರಿಗೂ, ಮೂಲಂಗಿಯಂಥ ತರಕಾರಿಗೂ ಅದು ನೀಲಿಯಾಗಬಲ್ಲದು. ಮನುಷ್ಯನ ನೆತ್ತರನ್ನಷ್ಟೇ ಗುರುತಿಸುವ 'ಫಿಟ್' ಎಂಬ ಪರೀಕ್ಷೆ ಅನಂತರ ಬಂತು. ಪಥ್ಯದ ಗೊಡವೆಯಿಲ್ಲದ ಇದನ್ನು ಜಪಾನ್ 1992ರಲ್ಲಿ ರಾಷ್ಟ್ರದ ಕಾರ್ಯಕ್ರಮವಾಗಿಯೇ ಕೈಗೊಂಡಿತು; ಇಂಗ್ಲೆಂಡು 2019ರಲ್ಲಿ ಗ್ವಾಯಕ್ ಬಿಟ್ಟು ಇದಕ್ಕೆ ಬಂತು. ಬೇರೆ ದಾರಿಗಳೂ ಉಂಟು: ಕರುಳಿನ ಕೊನೆಯ ಭಾಗವನ್ನಷ್ಟೇ ನೋಡುವ ಸಿಗ್ಮಾಯ್ಡೋಸ್ಕೋಪಿ, 1994ರಿಂದ ಬೆಳೆದ ಸಿ.ಟಿ. ಚಿತ್ರಣ, 2014ರಲ್ಲಿ ಅಮೆರಿಕ ಒಪ್ಪಿದ ಮಲದ ಡಿ.ಎನ್.ಎ. ಪರೀಕ್ಷೆ, 2024ರಲ್ಲಿ ಒಪ್ಪಿದ ರಕ್ತಪರೀಕ್ಷೆ. ಆದರೆ ಅಗ್ಗವೂ ಸುಲಭವೂ ಆಗಿ ನಿಂತಿರುವುದು ಫಿಟ್. 2025ರಲ್ಲಿ ಸ್ಪೇನಿನಿಂದ ಬಂದ ವರದಿಯಂತೆ, ಎರಡು ವರ್ಷಕ್ಕೊಮ್ಮೆ ಫಿಟ್‌ಗೆ ಕರೆದ ಗುಂಪಿನಲ್ಲೂ ಒಮ್ಮೆ ಕೊಲೊನೋಸ್ಕೋಪಿಗೆ ಕರೆದ ಗುಂಪಿನಲ್ಲೂ ಹತ್ತು ವರ್ಷದ ಕೊನೆಗೆ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಸಮನಾಗಿತ್ತು. ಕಾರಣ ಸರಳ: ಫಿಟ್‌ಗೆ ಹೆಚ್ಚು ಜನ ಒಪ್ಪಿದರು. ಮಾಡಿಸಿಕೊಳ್ಳದ ಉತ್ತಮ ಪರೀಕ್ಷೆಗಿಂತ ಮಾಡಿಸಿಕೊಂಡ ಸಾಧಾರಣ ಪರೀಕ್ಷೆ ಮೇಲು.

ನಮ್ಮ ನಾಡಿನ ಸ್ಥಿತಿ ಬೇರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರಿನ ದಾಖಲೆ ನಡೆದುಬಂದಿದೆ. ಪಶ್ಚಿಮಕ್ಕೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. 2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ತಪಾಸಣೆಯ ಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠಗಳು ಸೇರಿವೆ, ಕರುಳು ಸೇರಿಲ್ಲ. ಇರುವ ಹಣದಲ್ಲಿ ಹೆಚ್ಚು ಕಾಣುವ ರೋಗಕ್ಕೆ ಮೊದಲ ಸ್ಥಾನ ಕೊಟ್ಟದ್ದು ನ್ಯಾಯವೇ. ನಾರಿನ ಆಹಾರ ಕರುಳನ್ನು ಕಾಯುತ್ತದೆಂದು 1971ರಲ್ಲಿ ಡೆನಿಸ್ ಬರ್ಕಿಟ್ ವಾದಿಸಿದ. ಮುದ್ದೆ, ಸೊಪ್ಪು, ಹುರುಳಿಯ ನಮ್ಮ ಸೀಮೆಗೆ ಅದು ಸಮಾಧಾನದ ಮಾತು. ಆದರೆ ಸೀಮೆಯ ಲೆಕ್ಕ ಒಬ್ಬೊಬ್ಬ ಮನುಷ್ಯನಿಗೆ ಜಾಮೀನಾಗುವುದಿಲ್ಲ. ನಮ್ಮ ಊಟವೂ ಹಿಂದಿನಂತೆ ಉಳಿದಿಲ್ಲ.

ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಈ ಪರೀಕ್ಷೆ ಲಕ್ಷಣವಿಲ್ಲದವರಿಗಾಗಿ ಇರುವುದು. ನೆತ್ತರು ಕಂಡವರು, ಮಲಪ್ರವೃತ್ತಿಯ ರೀತಿ ಬದಲಾದವರು, ಕಾರಣವಿಲ್ಲದೆ ತೂಕ ಇಳಿದವರು, ಒಡಹುಟ್ಟಿದವರಲ್ಲೋ ಹೆತ್ತವರಲ್ಲೋ ಈ ರೋಗವಿದ್ದವರು ಕಾಗದದ ಚೂರನ್ನು ನೆಚ್ಚಿ ಕೂರದೆ ವೈದ್ಯರನ್ನೇ ಕಾಣಬೇಕು. ಎರಡನೆಯದು, ಫಿಟ್‌ನಲ್ಲಿ ಗುಪ್ತರಕ್ತ ಸಿಕ್ಕಿತೆಂದರೆ ಅದು ಕ್ಯಾನ್ಸರೆಂಬ ತೀರ್ಪಲ್ಲ. ಆದರೆ ಆಗ ಕೊಲೊನೋಸ್ಕೋಪಿ ತಪ್ಪಿಸುವಂತಿಲ್ಲ. ಸಿಗಲಿಲ್ಲವೆಂದರೂ ಒಂದೆರಡು ವರ್ಷಕ್ಕೆ ಮತ್ತೆ ನೋಡಬೇಕು, ಏಕೆಂದರೆ ಆ ಮೊಳಕೆ ದಿನವೂ ನೆತ್ತರು ಸುರಿಸುವುದಿಲ್ಲ.

ಹುಟನ್ನನಿಂದ ಗ್ರೀಗರನವರೆಗೆ ನಾನೂರೈವತ್ತು ವರ್ಷಗಳ ಈ ದಾರಿ ಕೊನೆಗೆ ಬಂದು ಮುಟ್ಟಿದ್ದು ಮನೆಯ ಹಿತ್ತಲನ್ನು. ಅಲ್ಲಿ ಕಂಡದ್ದನ್ನು ಹೆಂಡತಿಗೋ ಮಗನಿಗೋ, ಊರಿಗೆ ಬರುವ ಆಶಾ ಕಾರ್ಯಕರ್ತೆಗೋ ಬಾಯಿಬಿಟ್ಟು ಹೇಳುವ ಕೆಲಸ ಮಾತ್ರ ಯಾವ ಪರೀಕ್ಷೆಯೂ ನಮ್ಮ ಪರವಾಗಿ ಮಾಡಲಾರದು. ಅದಕ್ಕೆ ಬೇಕಾದ ಮಾತು ಕನ್ನಡದಲ್ಲಿ ಧಾರಾಳವಾಗಿದೆ, ಆಡಬೇಕಷ್ಟೆ.